ಚರ್ಚಿನ ಪುಸ್ತಕದಲ್ಲಿ ಮನೆಯವರ ಹೆಸರು

ಆಫೀಸ್ ಕೆಲಸಕ್ಕೆ ಅಂತ ಸಿಡ್ನಿಯಿಂದ ಇಂಗ್ಲೆಂಡಿಗೆ ಹೋಗಿದ್ದೆ. ಭಾನುವಾರ ಹೋಟೆಲ್ ರೂಮಿನಲ್ಲಿ ಬೇಜಾರಾಗಿ, ಒಬ್ಬಳೇ ಹಳ್ಳಿಗಾಡಿನ ಹೈಕ್‌ಗೆ ಹೊರಟೆ. ಮೂರು ಗಂಟೆ ನಡೆದರೂ ಎದುರಿಗೆ ಸಿಕ್ಕಿದ್ದು ಕುರಿಗಳು ಮಾತ್ರ, ಅವೂ ಮುಖ ತಿರುಗಿಸಿಕೊಂಡು ಹೋದವು.

ದಾರಿಯಲ್ಲಿ ಒಂದು ಹಳೇ ಕಲ್ಲಿನ ಚರ್ಚ್ ಸಿಕ್ಕಿತು. ಒಳಗೆ ಹೂವು ಜೋಡಿಸುತ್ತಿದ್ದ ವಯಸ್ಸಾದ ಅಂಕಲ್ ಒಬ್ಬರು ವಿಸಿಟರ್ಸ್ ಪುಸ್ತಕ ಮುಂದಿಟ್ಟು, "ಹೆಸರು ಬರೀರಿ, ಇಲ್ಲಿಗೆ ಯಾರೂ ಬರಲ್ಲ" ಅಂದರು.

ಬರೆದೆ. ನನ್ನದು, ಗಂಡನದು, ಮಗಳದು. ರೌಸ್ ಹಿಲ್, ಸಿಡ್ನಿ.

ಅವರು ಓದಿ, ಬಾಗಿಲ ಕಡೆ ನೋಡಿದರು. "ಇನ್ನಿಬ್ಬರು ಎಲ್ಲಿ?"

ನನಗೆ ನಾಚಿಕೆಯಾಯಿತು. "ಸಿಡ್ನಿಯಲ್ಲೇ ಇದ್ದಾರೆ. ನಮ್ಮಲ್ಲಿ ದೇವಸ್ಥಾನಕ್ಕೆ ಒಬ್ಬರೇ ಹೋದರೂ ಅರ್ಚನೆಗೆ ಮನೆಯವರೆಲ್ಲರ ಹೆಸರು ಹೇಳ್ತೀವಿ. ಅದೇ ಅಭ್ಯಾಸದಲ್ಲಿ ಬರೆದುಬಿಟ್ಟೆ. ಗೀಟು ಹೊಡೆದುಬಿಡ್ಲಾ?"

"ಬೇಡ, ಬೇಡ" ಅಂದವರು ಪೆನ್ನು ಇಸಿದುಕೊಂಡು ತಮ್ಮ ಹೆಸರು ಬರೆದರು. ಸ್ವಲ್ಪ ತಡೆದು, ಅದರ ಕೆಳಗೆ ಮಾರ್ಗರೆಟ್ ಅಂತ ಬರೆದರು. ಕಿಟಕಿಯಾಚೆಯ ಸಮಾಧಿಗಳ ಕಡೆ ಕೈ ತೋರಿಸಿ, "ನನ್ನ ಹೆಂಡತಿ. ನಿಮ್ಮವರಷ್ಟು ದೂರ ಏನಿಲ್ಲ" ಅಂದರು.

ಮತ್ತೆ ಕುರಿಗಳ ನಡುವೆ ಒಬ್ಬಳೇ ನಡೆದು ವಾಪಸ್ ಬಂದೆ. ಆದರೆ ಆ ಪುಸ್ತಕ ನೋಡಿದವರು, ಆ ಭಾನುವಾರ ಚರ್ಚಿನಲ್ಲಿ ಐದು ಜನ ಸೇರಿದ್ದೆವು ಅಂತಲೇ ನಂಬಬೇಕು.