ಬಲೆ ಬೀಸದ ಕಡಲಿಗೆ ಹಾಕಿದ ಸೊನ್ನೆ

ಸಮುದ್ರವನ್ನು ಒಮ್ಮೆಯೂ ನೋಡದ ನಾನು ಅದರೊಳಗಿನ ಮೀನುಗಳನ್ನೆಲ್ಲ ಕೊಂದುಹಾಕಿದ್ದೆ. ಅದೂ ಗಂಗಾವತಿಯ ಅಕ್ಕಿ ಅಂಗಡಿಯೊಂದರ ಮಹಡಿಯಲ್ಲಿ, ಫ್ಯಾನಿನ ಕೆಳಗೆ ಕುಳಿತು, ಸೊನ್ನೆಯ ಗುಂಡಿ ಒತ್ತುತ್ತ. ಬೇರೆಯವರ ದಡ್ಡತನವನ್ನು ಅಣಕಿಸಿಯೇ ಹೆಸರು ಮಾಡಿದವನು ನಾನು. ನನ್ನದನ್ನು ಬಚ್ಚಿಟ್ಟರೆ ಅದು ಅನ್ಯಾಯ.

ಆ ಮಹಡಿಯಲ್ಲಿ ಮೊದಲು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆವು. ಆ ಕೆಲಸ ಮುಗಿದ ಮೇಲೆ ಬಂದದ್ದು ಸಮುದ್ರ. ಕರಾವಳಿಯ ದೋಣಿಗಳು ಎಲ್ಲಿ ಬಲೆ ಹಾಕಿದವು, ಯಾವ ಮೀನು ಎಷ್ಟು ಸಿಕ್ಕಿತು, ಅದರ ಹೊಟ್ಟೆಯಲ್ಲಿ ಇನ್ನಾವ ಮೀನಿತ್ತು ಎಂಬ ಹಾಳೆಗಳು ಕಟ್ಟು ಕಟ್ಟಾಗಿ ಬರುತ್ತಿದ್ದವು. ನಾವು ಅವನ್ನು ಇಂಟರ್ನೆಟ್ಟಿನಲ್ಲಿದ್ದ ಎಲ್ಲರಿಗೂ ತೆರೆದ ಒಂದು ಮಾಹಿತಿ ಭಂಡಾರಕ್ಕೆ ತುಂಬಬೇಕಿತ್ತು. ಯಾವ ದೇಶದ ವಿಜ್ಞಾನಿಯಾದರೂ ಅದನ್ನು ತೆಗೆದುಕೊಂಡು, ಒಂದು ಮೀನು ಕಡಿಮೆಯಾದರೆ ಅದನ್ನು ತಿನ್ನುವ ಇನ್ನೊಂದರ ಗತಿಯೇನು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುತ್ತಿದ್ದ. ಮರಳಿ ಎಂಬ ನಮ್ಮ ಹಳ್ಳಿಯಿಂದ ಬಸ್ಸಿಗೆ ಜೋತುಬಿದ್ದು ಬರುತ್ತಿದ್ದ ನಾನು ಊರಲ್ಲಿ, "ಸಮುದ್ರ ನನ್ನ ಕೈಯಾಗ ಐತಿ" ಅಂತ ಕೊಚ್ಚಿಕೊಳ್ಳುತ್ತಿದ್ದೆ.

ನನ್ನ ಪಕ್ಕದ ಕುರ್ಚಿಯಲ್ಲಿ ನಮ್ಮ ಕಡೆಯದೇ ಸಿದ್ದಾಪುರದ ಅಕ್ಕ. ಒಡಹುಟ್ಟಿದವಳಲ್ಲ, ನನಗೆ ಟೈಪಿಂಗ್ ಕಲಿಸಿದವಳು. ಪಹಣಿ ಕಾಲದಲ್ಲಿ ಅವಳ ಗಂಡ ದಿನಾ ಸಂಜೆ ಸೈಕಲ್ ತಂದು, ಮೆಟ್ಟಿಲು ಹತ್ತದೆ ಕೆಳಗಿನಿಂದಲೇ ಕೂಗುತ್ತಿದ್ದ: "ಇಳಿತಿಯೋ, ಸೈಕಲ್ಲನ್ನ ಮ್ಯಾಲಕ್ಕ ಹೊತ್ಕೊಂಡ ಬರ್ಲೋ?" ನಾನು ಆ ದನಿ ಕಲಿತು, ಮಧ್ಯಾಹ್ನ ಮೂರಕ್ಕೇ ಕಿಟಕಿಯ ಹಿಂದೆ ನಿಂತು ಕೂಗುತ್ತಿದ್ದೆ. ಅಕ್ಕ ಚೀಲ ಎತ್ತಿಕೊಂಡು ದಡದಡ ಇಳಿದು, ಬೀದಿ ಖಾಲಿಯಿದ್ದುದನ್ನು ನೋಡಿ ವಾಪಸ್ ಬರುವಳು. "ನಿನ್ನ ಬಾಯಾಗ ಮಣ್ಣ ಹಾಕ, ಮಂಗ್ಯಾ" ಎನ್ನುತ್ತ ತಾನೇ ಎಲ್ಲರಿಗಿಂತ ಜಾಸ್ತಿ ನಗುವಳು.

ಕಾಲುವೆಗೆ ನೀರು ಬಿಡದ ಒಂದು ವರ್ಷ ನಮ್ಮ ಕಡೆಯ ಗಂಡಸರು ಮೀನುದೋಣಿಯ ಕೂಲಿಗೆ ಕರಾವಳಿಗೆ ಹೋದರು. ಅಕ್ಕನ ಗಂಡನೂ ಹೋದ. ಅವನಿದ್ದ ದೋಣಿ ತಿರುಗಿ ಬರಲಿಲ್ಲ. ಸಮುದ್ರದ ಹಾಳೆಗಳು ಬರುತ್ತವೆ ಎಂದು ಕೇಳಿದಾಗ, ಎಲ್ಲರಿಗಿಂತ ಮೊದಲು "ನಾ ಮಾಡ್ತೀನ್ರಿ" ಅಂದವಳು ಅಕ್ಕ. ಅವಳ ಗಂಡನ ಆ ದನಿಯನ್ನು ನಾನು ಮತ್ತೆ ತೆಗೆಯಲಿಲ್ಲ.

ಇನ್ನು ನನ್ನ ಸೊನ್ನೆಯ ಕತೆ. ಪಹಣಿ ತುಂಬುವಾಗ ಒಂದು ಖಾನೆ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಬಿಡುತ್ತಿರಲಿಲ್ಲ. ಸೊನ್ನೆ ಒತ್ತಿದರೆ ಬಿಡುತ್ತಿತ್ತು. ಬೆರಳಿಗೆ ಆ ಚಟ ಹತ್ತಿತ್ತು. ಗಾಳಿಮಳೆಗೆ ದೋಣಿ ಇಳಿಯದ ದಿನಗಳ ಹಾಳೆಗಳಲ್ಲಿ ಖಾನೆಗಳು ಖಾಲಿಯಿದ್ದವು. ನಾನು ಎಲ್ಲಕ್ಕೂ ಸೊನ್ನೆ ಹೊಡೆದೆ.

ಒಂದು ದಿನ ಕರಾವಳಿಯಿಂದ ನಮಗೆ ಹಾಳೆ ಕಳಿಸುತ್ತಿದ್ದ ಮೇಡಂ ಫೋನ್ ಮಾಡಿದರು.

"ಎಂಥದು ಮಾರಾಯ್ರೇ ಮಾಡಿಟ್ಟದ್ದು? ಲೆಕ್ಕ ಹಾಕಿದ್ರೆ ಅರ್ಧ ಸಮುದ್ರದಲ್ಲಿ ಒಂದು ಜೀವವೂ ಇಲ್ಲ ಅಂತ ಬರ್ತಾ ಉಂಟು."

"ಖಾಲಿ ಇದ್ವು, ಸೊನ್ನಿ ಹಾಕೀನ್ರಿ."

"ಬಲೆ ಹಾಕಿ ಏನೂ ಸಿಗದಿದ್ರೆ ಸೊನ್ನೆ. ಬಲೆಯೇ ಹಾಕದಿದ್ರೆ ಖಾಲಿ ಬಿಡ್ಬೇಕು. ಅಲ್ಲಿ ಏನುಂಟು ಅಂತ ನಮಗೆ ಗೊತ್ತಿಲ್ಲ, ಅಷ್ಟೇ."

ಫೋನ್ ಇಟ್ಟವನೇ ಮೇಡಂ ದನಿಯಲ್ಲಿ ಅದನ್ನೇ ರಾಗ ಎಳೆದು ಹೇಳಿದೆ. ಕೋಣೆಯೆಲ್ಲ ನಕ್ಕಿತು. ಅಕ್ಕ ನಗಲಿಲ್ಲ. "ಇನ್ನೊಮ್ಮೆ ಹೇಳು" ಅಂದಳು. ಹೇಳಿದೆ. ಮರುದಿನದಿಂದ ನನ್ನ ಪಕ್ಕ ಕುಳಿತು, ಹಾಳೆಗೆ ತಾಳೆ ನೋಡಿ ನನ್ನ ಸೊನ್ನೆಗಳನ್ನು ಅಳಿಸತೊಡಗಿದಳು. ಗದ್ದೆಯಲ್ಲಿ ಕಳೆ ಕೀಳುವವರ ಹಾಗೆ, ತಲೆ ಎತ್ತದೆ.

ಹಾಗೆ ಅಳಿಸುತ್ತಲೇ ಒಂದು ಸಂಜೆ ಕೇಳಿದಳು: "ತಮ್ಮಾ, ನಮ್ಮ ಮನಿಯವರ ದನಿ ಮರ್ತಿಯೇನು?"

"ಮರ್ತೀನಿ" ಅಂದೆ. ಸುಳ್ಳು. ಅದು ನನ್ನ ಗಂಟಲಲ್ಲೇ ಇತ್ತು, ಈಗಲೂ ಇದೆ.

ಸೊನ್ನೆ ಅಳಿಸುವ ಕೆಲಸ ಇನ್ನೂ ಮುಗಿದಿರಲಿಲ್ಲ, ಆಗ ಅವಳ ಗಂಡನ ಸೋದರಮಾವ ಮಹಡಿ ಹತ್ತಿ ಬಂದರು. ಮನೆಯಲ್ಲಿ ಮಾತಾಡಿದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳಂತೆ. ಅದಕ್ಕೇ ಇಲ್ಲಿಗೆ. ಮೈದುನನಿಗೆ ಹೆಣ್ಣು ಗೊತ್ತಾಗಿತ್ತು, ಮದುವೆ ಹೇಮಗುಡ್ಡದಲ್ಲಿ. ಅದಕ್ಕೆ ಮೊದಲು ಹೋದವನ ದಿನಕರ್ಮ ಮುಗಿಸಬೇಕು, ಅವಳು ತಾಳಿ ತೆಗೆಯಬೇಕು.

"ಹಿಂಗ ನಡುವ ಇಟ್ಕೊಂಡ್ರ ಹೆಂಗವ್ವಾ? ಹುಡುಕಾಕ ಹೋದವ್ರು ಏನೂ ಸಿಗಲಿಲ್ಲ ಅಂದಾರ."

"ಎಲ್ಲಿಮಟ ಹುಡುಕ್ಯಾರಂತ, ಮಾವಾರ?"

"ಎಲ್ಲಿ ಹುಡುಕ್ತಾರ. ಗಾಳಿ ಜೋರಿತ್ತು, ದೋಣಿ ಇಳಸಾಕ ಆಗಲಿಲ್ಲಂತ."

ಅಕ್ಕನ ಕೈ ಕೀಲಿಮಣೆಯ ಮೇಲೆ ನಿಂತಿತು. ಮಾವ ನನ್ನ ಕಡೆ ತಿರುಗಿದರು. "ಊರ ಮಂದೀನೆಲ್ಲಾ ನಗಸ್ತಿ, ಇಕಿಗೆ ಒಂದು ಬುದ್ಧಿಮಾತು ಹೇಳಪಾ." ನಾನು ಮುಂದಿನ ಹಾಳೆ ಎತ್ತಿ ಅಕ್ಕನ ಮುಂದಿಟ್ಟೆ.

ಮದುವೆ ಆಯಿತು. ಅಕ್ಕನನ್ನು ಯಾರೂ ಕರೆಯಲಿಲ್ಲ. ಊಟದ ಸಾಲಿನಲ್ಲಿ ಕುಳಿತಿದ್ದ ನನ್ನನ್ನು ಎಲ್ಲರೂ ಯಾರದಾದರೂ ದನಿ ತೆಗಿ ಎಂದು ಕಾಡಿದರು. ತೆಗೆಯಲಿಲ್ಲ. ದೋಣಿಯ ಸುದ್ದಿ ಇವತ್ತಿನವರೆಗೂ ಇಲ್ಲ. ಆದರೆ ಮಾವ ಮಹಡಿ ಹತ್ತಿ ಬಂದ ಆ ದಿನದ ನಂತರ ಅವಳ ತಾಳಿಯ ಮಾತನ್ನು ಅವಳೆದುರು ಯಾರೂ ಎತ್ತಲಿಲ್ಲ. ಅವತ್ತು ಮಾವನಿಗೆ ಅವಳು ಹೇಳಿದ್ದು ಇಷ್ಟೇ, ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯದೆ:

"ಹುಡುಕಲಾರ್ದೆ ಸೊನ್ನಿ ಹಾಕಬ್ಯಾಡ್ರಿ, ಮಾವಾರ. ಖಾಲಿ ಬಿಡ್ರಿ."