ಮರುದಿನದ ತಾರೀಖು

ರಾಷ್ಟ್ರೀಯ ದಿನಪತ್ರಿಕೆಯೊಂದರ ಇತಿಹಾಸ ಬರೆಯುವ ಕೆಲಸ ನನ್ನದು. ಹಳೆಯ ಸಂಚಿಕೆಗಳಿವೆಯೆಂದು ಕೇಳಿ ಶೃಂಗೇರಿ ಆಚೆಯ ಕೆರೆಕಟ್ಟೆಯ ನಿವೃತ್ತ ಮೇಷ್ಟರೊಬ್ಬರ ಮನೆಗೆ ಹೋದೆ. ಕಟ್ಟು ಬಿಚ್ಚಿದರೆ, ಪ್ರತಿಯೊಂದರಲ್ಲೂ ಅಚ್ಚಾದ ತಾರೀಖನ್ನು ಹೊಡೆದುಹಾಕಿ ಮರುದಿನದ್ದನ್ನು ಬರೆದಿದ್ದರು.

"ಇದೆಂತ ಮೇಷ್ಟ್ರೇ, ಎಲ್ಲ ಹಾಳು ಮಾಡಿದ್ದೀರಲ್ಲ!"

"ಶೃಂಗೇರಿ ಬಸ್ಸು ಪೇಪರು ತರ್ತಿದ್ದದ್ದೇ ಮರುದಿನ ಮಾರಾಯ್ತಿ. ನಮಗೆ ಅದೇ ತಾರೀಖು."

ಒಂದು ಸಂಚಿಕೆಯನ್ನು ಮಾತ್ರ ಅವರು ಕೊಡಲು ಒಪ್ಪಲಿಲ್ಲ. ಯುದ್ಧದಲ್ಲಿ ಸತ್ತವರ ಪಟ್ಟಿಯಲ್ಲಿ ಅವರ ಅಣ್ಣನ ಹೆಸರಿತ್ತು. ಆ ಪಟ್ಟಿಯನ್ನು ಎಲ್ಲರಿಗಿಂತ ಮೊದಲು ಅಚ್ಚು ಹಾಕಿದ್ದು ನಮ್ಮ ಪತ್ರಿಕೆ; ನನಗೆ ಬೇಕಾಗಿದ್ದದ್ದೂ ಅದೇ ಸಂಚಿಕೆ. ನಮ್ಮ ಕಚೇರಿಯಲ್ಲಿ ಅದರ ಪ್ರತಿ ಉಳಿದಿರಲಿಲ್ಲ.

"ಸೈನ್ಯದವರ ತಂತಿಗಿಂತ ಮೊದಲು ಈ ಪೇಪರೇ ಬಂತು. ದೇಶಕ್ಕೆಲ್ಲ ಗೊತ್ತಾದ ಮೇಲೂ ಅಮ್ಮನ ಪಾಲಿಗೆ ಅಣ್ಣ ಒಂದು ದಿನ ಹೆಚ್ಚಿಗೆ ಬದುಕಿದ್ದ," ಅಂದರು.

ನಾನು ಫೋಟೋ ಕೂಡ ಕೇಳದೆ ಕಟ್ಟನ್ನು ಮತ್ತೆ ಕಟ್ಟಿದೆ.

'ಎಲ್ಲರಿಗಿಂತ ಮೊದಲು ಸುದ್ದಿ' ಎಂಬ ಅಧ್ಯಾಯ ಎಲ್ಲಿ ಎಂದು ಸಂಪಾದಕರು ದಿನಾ ಕೇಳುತ್ತಾರೆ. ಕೆರೆಕಟ್ಟೆ ಬಸ್ಸಿನಲ್ಲಿ ಬರುತ್ತಿದೆ ಎಂದು ಹೇಳಿದ್ದೇನೆ.