ಅತ್ತೆಯ ಕೈಗೆ ನಾನು ಕೊಟ್ಟ ರಜೆ

ನನ್ನ ಅತ್ತೆಯ ಕಾಯಿಲೆಯನ್ನು ಮೊದಲು ಕಂಡುಹಿಡಿದವಳು ಬಳೆಗಾರ್ತಿ. ರಾವಂದೂರಿನ ಸಂತೆಯಲ್ಲಿ ಕೂರುತ್ತಿದ್ದ ಆಕೆಯ ಕೈಗೆ ಸಿಕ್ಕರೆ ಎಂಥ ಗಡಸು ಅಂಗೈಯೂ ಮಡಚಿಕೊಂಡು ಬಳೆಯೊಳಗೆ ತೂರುತ್ತಿತ್ತು. ಆ ದಿನ ಅತ್ತೆಯ ಕೈ ಹಿಡಿದು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. "ಇದೇನ್ರವ್ವಾ, ಚರ್ಮ ಮೂಳೆಗೇ ಅಂಟ್ಕಂಡಂಗದೆ. ಮಡಚಾಕೇ ಬತ್ತಾ ಇಲ್ವಲ್ಲ" ಅಂದಳು. ಆಮೇಲೆ ನಾವು ತೋರಿಸಿದ ಡಾಕ್ಟರುಗಳಲ್ಲಿ ಹೆಚ್ಚಿನವರು ಆ ಕೈಯನ್ನು ಅಷ್ಟು ಹೊತ್ತು ಹಿಡಿದು ನೋಡಲೇ ಇಲ್ಲ.

ಅರವತ್ತರ ದಶಕದ ಕೊನೆಯ ಮಾತಿದು. ನಾನು ಕೆ.ಆರ್. ನಗರದ ನಾಲೆ ಬಯಲಿನವಳು, ಅನ್ನ ಉಂಡು ಬೆಳೆದವಳು. ಮದುವೆಯಾಗಿ ಪಿರಿಯಾಪಟ್ಟಣದ ಕಡೆಯ, ಮಳೆ ನಂಬಿ ರಾಗಿ ಬೆಳೆಯುವ ಬೆದ್ದಲು ಊರಿಗೆ ಬಂದಾಗ ನನಗೆ ನೆಟ್ಟಗೆ ಒಂದು ರಾಗಿ ಮುದ್ದೆ ಕಟ್ಟಲು ಬರುತ್ತಿರಲಿಲ್ಲ. ಅತ್ತೆ ನನ್ನನ್ನು "ಅನ್ನದೋಳು" ಅಂತ ರೇಗಿಸುತ್ತಲೇ ಕಲಿಸಿದರು. "ಬಿಸಿಗೆ ಎದುರ್ಕಬ್ಯಾಡ ಕಣವ್ವ, ಕೈ ಒದ್ದೆ ಮಾಡ್ಕಂಡು ನುಗ್ಸು" ಅನ್ನುತ್ತ, ಹೊಗೆಯಾಡುವ ಹಿಟ್ಟನ್ನು ಮಣೆಯ ಮೇಲೆ ಉರುಳಿಸಿ ಉರುಳಿಸಿ ನುಣ್ಣಗೆ ಮಾಡುತ್ತಿದ್ದರು. ಕಾಯಿಲೆ ಬಂದ ಮೇಲೂ ಆ ಕೆಲಸ ಬಿಡಲಿಲ್ಲ. ಬೆಳಗಿನ ಚಳಿಗೆ ಅವರ ಬೆರಳುಗಳು ಸುಣ್ಣದಂತೆ ಬಿಳಿಚಿಕೊಂಡು, ಆಮೇಲೆ ನೀಲಿಗಟ್ಟುತ್ತಿದ್ದವು.

ನಮ್ಮ ಓಡಾಟ ಶುರುವಾಯಿತು. ಹುಣಸೂರಿನ ಒಬ್ಬ ಡಾಕ್ಟರು ವಾತ ಎಂದು ಸೂಜಿ ಚುಚ್ಚಿದರು. ಇನ್ನೊಬ್ಬರು ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟರು. ಹ್ಯಾಂಡ್‌ಪೋಸ್ಟ್ ಅನ್ನುವ ಕೂಡುರಸ್ತೆಯಲ್ಲಿ ಬಸ್ಸು ಬದಲಿಸಿ, ಎನ್. ಬೇಗೂರಿನ ಹತ್ತಿರದ ಗಿರಿಜನರ ಹಾಡಿಯೊಂದರಲ್ಲಿ ಬೇರು ನಾರಿನ ಮದ್ದು ಕೊಡುವ ಹಿರಿಯರ ಬಳಿಗೂ ಹೋದೆವು. ಅವರು ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿ, ಎಣ್ಣೆಯ ಸೀಸೆ ಕೊಟ್ಟು, "ಇದು ನನ್ ಕೈಲಿ ವಾಸಿ ಆಗಾಕಿಲ್ಲ. ಬೆಚ್ಚಗೆ ಮಡೀಕಳಿ" ಅಂದರು. ಸುತ್ತಿದ ಕಡೆಯಲ್ಲೆಲ್ಲ ತನ್ನಿಂದಾಗದು ಎಂದು ಒಪ್ಪಿಕೊಂಡವರು ಅವರೊಬ್ಬರೇ. ನನಗೋ ಆಗ ಅವರ ಮೇಲೂ ಸಿಟ್ಟು ಬಂದಿತ್ತು.

ಅತ್ತೆಯ ಮುಖದ ಸುಕ್ಕೆಲ್ಲ ಹೋಗಿ ಚರ್ಮ ಬಿಗಿದುಕೊಂಡಿತು. ಊರಿನ ಹೆಂಗಸರು "ಏನಮ್ಮಿ, ವಯಸ್ಸು ಇಳೀತಾ ಅದಲ್ಲ" ಎಂದು ನಗೆಯಾಡಿದರು. ಬಾಯಿ ಸಣ್ಣದಾಗುತ್ತಿದ್ದದ್ದು ಅವರಿಗೇನು ಗೊತ್ತು? ಬೆರಳ ತುದಿಗಳಲ್ಲಿ ಹುಣ್ಣಾದಾಗ ಮಾತ್ರ ಆ ನಗೆ ನಿಂತಿತು. ಪಿರಿಯಾಪಟ್ಟಣದಲ್ಲಿ ಒಬ್ಬ ಡಾಕ್ಟರು ಕುಷ್ಠವೇನೋ ಎಂದು ಅನುಮಾನಪಟ್ಟು ಕೈಗೆ ಪಿನ್ನು ಚುಚ್ಚಿದರು. ಅತ್ತೆ "ಅಯ್ಯಪ್ಪಾ" ಎಂದು ಕಿರುಚಿದರು. ನೋವು ಗೊತ್ತಾದರೆ ಅದು ಕುಷ್ಠವಲ್ಲ ಎಂದು ನಾನೇ ಶಾಲೆಯ ಪುಸ್ತಕದಲ್ಲಿ ಓದಿದ್ದೆ. ಆದರೂ ಆ ಮಹಾನುಭಾವರು "ಇರಲಿ, ನೋಡೋಣ" ಎಂದು ಅದೇ ಕಾಯಿಲೆಯ ಮಾತ್ರೆ ಬರೆದರು. ನಾವು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಮುಂದಿನ ಹಬ್ಬಕ್ಕೆ ಬಂದ ನನ್ನ ಮಾವನ ತಂಗಿ, ಅತ್ತೆ ಕಟ್ಟಿದ ಮುದ್ದೆಯನ್ನು ತಟ್ಟೆಯಲ್ಲಿ ಹಾಗೇ ಬಿಟ್ಟು ಎದ್ದಳು. "ನಂಗೆ ಅಸಿವಿಲ್ಲ ಬುಡು" ಅಂದವಳು, ಪಕ್ಕದ ಮನೆಯಲ್ಲಿ ಕೂತು ಎರಡು ಮುದ್ದೆ ಉಂಡಳು. ನನ್ನ ಮೈ ಉರಿದುಹೋಯಿತು. ಮಾರನೆಯ ಬೆಳಿಗ್ಗೆ ಅತ್ತೆ ಒಲೆಯ ಮುಂದೆ ಕೂತಾಗ ಬಸುರಿಯಾಗಿದ್ದ ನಾನು ಅವರ ಕೈಯಿಂದ ಹಿಟ್ಟಿನ ಕೋಲು ತೆಗೆದುಕೊಂಡೆ. "ಇನ್ನು ನೀವು ಒಲೆ ಹತ್ರ ಬರಬ್ಯಾಡಿ ಅತ್ತೆ. ನಾನು ಮಾಡ್ತೀನಿ, ನೀವು ಕೂತ್ಕಳಿ" ಅಂದೆ. ಇನ್ನೊಮ್ಮೆ ಯಾರೂ ಅವರಿಗೆ ಹಾಗೆ ಮಾಡಬಾರದು, ಹುಣ್ಣಿನ ಕೈಗೆ ವಿಶ್ರಾಂತಿ ಸಿಗಬೇಕು ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಅವರು ನನ್ನನ್ನೇ ಒಂದು ಗಳಿಗೆ ನೋಡಿ, ಕೈ ಒರೆಸಿಕೊಂಡು ಜಗಲಿಗೆ ಹೋದರು. ಒಂದೂವರೆ ವರ್ಷ ಅಲ್ಲೇ ಕೂತರು.

ಕೊನೆಗೆ ಮೈಸೂರಿನ ದೊಡ್ಡಾಸ್ಪತ್ರೆ. ವಯಸ್ಸಾದ ಡಾಕ್ಟರೊಬ್ಬರು ಚರ್ಮವನ್ನು ಚಿವುಟಿ ನೋಡಿದರು, ಬಾಯಿ ಎಷ್ಟು ತೆರೆಯುತ್ತದೆಂದು ಬೆರಳಿಟ್ಟು ಅಳೆದರು. ಸ್ಕ್ಲೀರೋಡರ್ಮ ಎಂದು ಹೆಸರು ಹೇಳಿ, ಚರ್ಮದ ಜೊತೆಗೆ ಅನ್ನನಾಳವೂ ಗಟ್ಟಿಯಾಗುತ್ತದೆ ಎಂದರು. ಕುಷ್ಠವಲ್ಲ, ಅಂಟುವುದಿಲ್ಲ. ಪೂರ್ತಿ ಗುಣ ಮಾಡುವ ಮದ್ದೂ ಇಲ್ಲ. ಕೀಲಿನ ಊತಕ್ಕೆ ಒಂದು ಮಾತ್ರೆ, ಅದು ಹೆಚ್ಚಾದರೆ ಕಿಡ್ನಿಗೆ ಅಪಾಯ. ಹೊಗೆಸೊಪ್ಪು ಜಗಿಯುವುದು ಬಿಡಬೇಕು, ಉಂಡದ್ದು ಮೇಲಕ್ಕೆ ಬರದಂತೆ ಮಂಚದ ತಲೆಯ ಕಡೆಗೆ ಇಟ್ಟಿಗೆ ಇಡಬೇಕು, ಪ್ರತಿ ತುತ್ತನ್ನೂ ಅಗಿದು ತಿನ್ನಬೇಕು. "ಮುದ್ದೆ ಅಗಿಯಾದಾ? ಎಲ್ಲಾರ ಉಂಟಾ?" ಎಂದು ಅತ್ತೆ ಗದರಿದರು. ಅಷ್ಟು ದಿನದ ಮೇಲೆ ನನಗೆ ನಗು ಬಂತು.

ಡಾಕ್ಟರು ನಗಲಿಲ್ಲ. ಅತ್ತೆಯ ಬೆರಳುಗಳನ್ನು ಬಿಡಿಸಲು ನೋಡಿದರು. ಅವು ಕೊಕ್ಕೆಯಂತೆ ಬಾಗಿ ನಿಂತಿದ್ದವು. "ಮನೇಲಿ ಏನು ಕೆಲಸ ಮಾಡ್ತಾರೆ ಇವರು?" ಎಂದು ಕೇಳಿದರು.

"ಏನೂ ಇಲ್ಲ ಸಾರ್. ಒಂದೂವರೆ ವರ್ಷದಿಂದ ಒಂದು ಕಡ್ಡೀನೂ ಎತ್ತಾಕೆ ಬಿಟ್ಟಿಲ್ಲ ನಾನು" ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ಅದೇ ತಪ್ಪಾಗಿದ್ದು. ಈ ಕೈಗೆ ಬಿಸಿ ಬೇಕು, ಬಿಸಿಯಲ್ಲಿ ಬೆರಳು ಆಡ್ತಾ ಇರಬೇಕು. ಇಲ್ಲಿ ನಾವು ಕರಗಿಸಿದ ಮೇಣದಲ್ಲಿ ಕೈ ಅದ್ದಿಸಿ, ಆಮೇಲೆ ಆ ಬೆಚ್ಚನೆ ಮೇಣವನ್ನೇ ಹಿಟ್ಟಿನ ಹಾಗೆ ನಾದಿಸ್ತೀವಿ. ಈಗ ಈ ಬೆರಳು ಎಷ್ಟು ಬಿಚ್ಚುತ್ತೋ ಹೇಳೋಕಾಗಲ್ಲ" ಅಂದರು.

ವಾಪಸು ಬಸ್ಸು ಹತ್ತಿದೆವು. ಸೂಜಿ ಚುಚ್ಚಿದವರು, ಮಾತ್ರೆ ಬರೆದವರು, ಮುದ್ದೆ ಬಿಟ್ಟು ಎದ್ದವಳು, ಎಲ್ಲರನ್ನೂ ಮನಸ್ಸಿನಲ್ಲೇ ಬೈದು ಮುಗಿಸಿ, ಇನ್ಯಾರೂ ಸಿಗದೆ ಅತ್ತೆಯ ಮೇಲೇ ತಿರುಗಿದೆ. "ಮುದ್ದೆ ಕಟ್ಟುವಾಗ ಕೈ ಹಗುರಾಯ್ತದೆ ಅಂತ ನಿಮಗೆ ಗೊತ್ತಾಗಿರಬೇಕಲ್ಲ. ನಾನು ಕೋಲು ಕಿತ್ಕಂಡಾಗ ಒಂದು ಮಾತು ಯಾಕೆ ಹೇಳಲಿಲ್ಲ?"

ಅತ್ತೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. "ನನ್ ಕೈ ಮುದ್ದೆ ಉಣ್ಣಾಕೆ ನೀನೂ ಎದುರ್ಕಂಡೆ ಅನ್ಕಂಡೆ ಕಣವ್ವ. ಆಗ ನಿನ್ ಒಟ್ಟೇಲಿ ಮಗ ಬೇರೆ ಇತ್ತು. ಎದುರ್ಕಳಾದು ತಪ್ಪಲ್ಲ ಬುಡು ಅಂತ ಸುಮ್ಕಾದೆ."

ಹುಣಸೂರು ದಾಟಿದ ಮೇಲೆ, ನಾನು ಹೆದರಿರಲಿಲ್ಲ ಎಂದು ಹೇಳಿದೆ, ಆಣೆಯನ್ನೂ ಇಟ್ಟೆ. "ಊಂ" ಅಂದರು. ನಂಬಿದ ಹಾಗೆ ಕಾಣಲಿಲ್ಲ.

ಅಂದು ಸಂಜೆ ಹಿಟ್ಟು ಬೇಯಿಸಿ ಮಣೆಯ ಮೇಲೆ ಸುರಿದು ಅವರನ್ನು ಕರೆದೆ. ಅವರ ಬೆರಳು ಬಿಚ್ಚಲಿಲ್ಲ. ಬಾಗಿದ ಗೆಣ್ಣುಗಳಲ್ಲೇ ಒತ್ತಿ ಒತ್ತಿ ಏನೋ ಒಂದು ಮಾಡಿ ನನ್ನ ತಟ್ಟೆಗೆ ದೂಡಿದರು. ನಾನು ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಅದನ್ನು ನುಂಗುವವರೆಗೂ ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು.